ಮಂಗ್ಯಾ ಓಡದ ಹಾಡು

ತಂಬೂರ
೧೨ ಆಗಸ್ಟ್ ೨೦೨೪

ಶ್ರೀ ಗೌರೀಶ ಅವರಿಗೆ,

ತಂಬೂರಿನಿಂದ ಬೀರಲಿಂಗ ಮಾಡುವ ನಮಸ್ಕಾರ. ಇಷ್ಟು ವರ್ಷಗಳ ಮೇಲೆ ಅಕ್ಷರದ ಗುರುತು ಹತ್ತಲಿಕ್ಕಿಲ್ಲವೆಂದು ಹೆಸರು ಮೊದಲೇ ಬರೆದೆ. ಫೋನ್ ಮಾಡಿದ್ದೆ. ನಿಮ್ಮ ಮನೆಯವರು ಎತ್ತಿದರು. "ಅವರಿಗೆ ಫೋನಿನ್ಯಾಗ ಕೇಳಸೂದಿಲ್ರಿ. ಪತ್ರಾ ಬರೀರಿ, ಓದ್ತಾರ" ಅಂದರು. ಊರಿಗೆಲ್ಲ ಮೈಕ್ ಸೆಟ್ ಹಚ್ಚುವವರಿಗೇ ಕೇಳಿಸದಿದ್ದರೆ ಹೇಗೆ ಎಂದು ಬಾಯಿಗೆ ಬಂದಿತ್ತು. ಪರಿಚಯವಿಲ್ಲದ ಹೆಣ್ಣುಮಗಳು ಎಂದು ನಮಸ್ಕಾರ ಹೇಳಿ ಫೋನ್ ಇಟ್ಟೆ.

ವಿಷಯ ಇಷ್ಟೇ. ಕಾಲೇಜು ಮುಗಿಸಿದ ವರ್ಷ ನಾವು ಮಾಡಿದ 'ಬಿರುಕು' ಕ್ಯಾಸೆಟ್ಟಿನ ಪ್ರತಿ ನಿಮ್ಮಲ್ಲಿ ಉಳಿದಿದ್ದರೆ ಒಂದನ್ನು ಕಳಿಸಬೇಕು. ನನಗಲ್ಲ, ನಮ್ಮ ಚಿಗವ್ವ ಮೈಲಾರವ್ವನಿಗೆ.

ಚಿಗವ್ವನ ಹೊಲ ಕಾಡಿನ ಅಂಚಿಗಿದೆ. ಗೋವಿನಜೋಳದ ತೆನೆ ಹಾಲು ತುಂಬುವ ಹೊತ್ತಿಗೆ ಮಂಗ್ಯಾಗಳೂ ಗಿಳಿಗಳೂ ತಪ್ಪದೆ ಬರುತ್ತವೆ. ಅವಳು ತಗಡು ಬಡಿದಳು, ಪಟಾಕಿ ಹಾರಿಸಿದಳು, ಬೆದರುಗೊಂಬೆ ನಿಲ್ಲಿಸಿದಳು. ಬೆದರುಗೊಂಬೆಯ ಹೆಗಲ ಮೇಲೆ ಕೂತು ಮಂಗ್ಯಾ ತೆನೆ ತಿಂದಿತು. ಆಮೇಲೆ ಒಂದು ವರ್ಷ ನಮ್ಮ ಮನೆಯ ಅಟ್ಟದಿಂದ ಹಳೆಯ ಟೇಪ್ ರೆಕಾರ್ಡರ್ ಇಳಿಸಿ, ಟ್ರ್ಯಾಕ್ಟರ್ ಬ್ಯಾಟರಿಗೆ ಜೋಡಿಸಿ, ಬೇವಿನ ಮರಕ್ಕೆ ಒಂದು ಮೈಕ್ ಕಟ್ಟಿದೆವು. ಒಳಗೆ ಯಾವ ಕ್ಯಾಸೆಟ್ ಇದೆಯೆಂದು ಯಾರೂ ನೋಡಿರಲಿಲ್ಲ. ಇದ್ದದ್ದು 'ಬಿರುಕು'. ನಿಮ್ಮ ಗಿಟಾರ್ ಒಮ್ಮೆ ಕಿರುಚಿದ್ದೇ ತಡ, ಹೊಲದ ಗಿಳಿಗಳೆಲ್ಲ ಒಟ್ಟಿಗೆ ಮೇಲೆದ್ದು ಆಕಾಶ ಹಸಿರಾಯಿತು. ಎರಡನೇ ಹಾಡಿಗೆ ಮಂಗ್ಯಾಗಳು ಕಾಡು ಸೇರಿದವು.

ಅಂದಿನಿಂದ ಪ್ರತಿವರ್ಷ ಅದೇ ಕ್ಯಾಸೆಟ್. ಈಗ ಹೋದ ವಾರ ರೆಕಾರ್ಡರ್ ಟೇಪನ್ನು ನುಂಗಿ ಹರಿದು ಹಾಕಿದೆ. ಮೊಬೈಲಿನಿಂದ ಸಿನಿಮಾ ಹಾಡು ಹಚ್ಚಿದೆವು, ಭಜನೆ ಹಚ್ಚಿದೆವು. ಮಂಗ್ಯಾಗಳು ಬದುವಿನ ಮೇಲೆ ಕೂತು, ತೆನೆ ಸುಲಿಯುತ್ತ ಕೇಳಿದವು. ದಯವಿಟ್ಟು ಬೇಗ ಕಳಿಸಿರಿ.

ಇತಿ,
ಬೀರಲಿಂಗ
(ದೈಹಿಕ ಶಿಕ್ಷಕ, ದೇವಿಕೊಪ್ಪ)


ಕುಂದಗೋಳ
೨೦ ಆಗಸ್ಟ್ ೨೦೨೪

ಬೀರಲಿಂಗಾ,

ಆ 'ನೀವು', 'ಕಳಿಸಿರಿ' ಎಲ್ಲ ನಿಮ್ಮ ಹೆಡ್‌ಮಾಸ್ತರರಿಗೆ ಇಟ್ಟುಕೋ. ಒಂದೇ ತಾಟಿನಲ್ಲಿ ಮಿರ್ಚಿ ತಿಂದವನು ನೀನು. ಬಹುವಚನ ಬರೆಸಿಕೊಳ್ಳುವಷ್ಟು ನಾನು ದೊಡ್ಡವನೂ ಆಗಿಲ್ಲ, ಬರೆಯುವಷ್ಟು ನೀನು ದೂರದವನೂ ಆಗಿಲ್ಲ. ಅಥವಾ ಆಗಿದ್ದೀಯೋ ಏನೋ.

ನಿನ್ನ ಪತ್ರ ಓದಿ ನನ್ನ ಹೆಂಡತಿ ನಂದಾ ನಕ್ಕ ನಗೆ ನನಗೇ ಕೇಳಿಸಿತು ಅಂದರೆ ಎಷ್ಟು ನಕ್ಕಿರಬೇಕು ನೋಡು. ಹುಬ್ಬಳ್ಳಿಯ ಪತ್ರಿಕೆಯವನು 'ಬಿರುಕು' ಕೇಳಿ "ತಗಡಿನ ಶೆಡ್ಡಿನ ಮೇಲೆ ಆಲಿಕಲ್ಲು ಸುರಿದಂತೆ" ಎಂದು ಬರೆದಾಗಲೂ ನನಗೆ ಇಷ್ಟು ನೋವಾಗಿರಲಿಲ್ಲ. ನಮ್ಮೂರು ಎಂಥ ಊರು ನಿನಗೆ ಗೊತ್ತು. ಇಲ್ಲಿ ಚಹಾದಂಗಡಿಯವನೂ ಯಾವ ರಾಗ ಎಂದು ಹೇಳಿ ಕಪ್ಪು ಇಡುತ್ತಾನೆ. ಇಂಥಲ್ಲಿ ನಾನು ಕರೆಂಟಿನ ಗಿಟಾರ್ ಹಿಡಿದು, ನೀನು ದೇವರ ಡೊಳ್ಳು ತಂದು, ಶಕೀಲ್ ಬೇಸ್ ಗಿಟಾರ್ ಹೊತ್ತು ನಿಂತೆವು. ಬ್ಯಾಂಡಿಗೆ 'ಗೂಡ್ಸ್ ಗಾಡಿ' ಎಂದು ಹೆಸರಿಟ್ಟೆವು. ನಮ್ಮವ್ವ ಗೌರಕ್ಕ ಕ್ಯಾಸೆಟ್ಟನ್ನು ಕೊನೆಯವರೆಗೂ ಕೇಳಿ, "ಪಾತ್ರಿ ಡಬ್ಬ ಬಿದ್ದಾವೇನು ನೋಡ್ರಿ" ಅಂದಿದ್ದಳು. ಕೊನೆಗೂ ನಮ್ಮ ಸಂಗೀತಕ್ಕೆ ಕಾಯಂ ಕೇಳುಗರು ಸಿಕ್ಕರು. ಅವರೂ ಎದ್ದು ಓಡುವವರೇ.

ಮೈಕ್ ಸೆಟ್ಟಿನ ಗೋದಾಮಿನಲ್ಲಿ ಒಂದು ಪೆಟ್ಟಿಗೆ ತುಂಬ 'ಬಿರುಕು' ಇನ್ನೂ ಇದೆ, ಒಡೆಯದೇ. ಒಂದನ್ನು ಇದರ ಜೊತೆ ಕಳಿಸಿದ್ದೇನೆ. ನಾನು ಮಾತ್ರ ಅದನ್ನು ಅಂದಿನಿಂದ ಕೇಳಿಲ್ಲ. ಯಾಕೆ ಎನ್ನುವುದು ನಿನಗೆ ಗೊತ್ತು.

ಶ್ರಾವಣದ ಮಳೆ. ಸ್ಟುಡಿಯೋ ತಾರೀಖು ಸಿಕ್ಕಿದ್ದು ಅದೊಂದೇ. ಡೊಳ್ಳು ಬಸ್ಸಿನ ಟಾಪಿನ ಮೇಲೆ ತಾಡಪತ್ರಿ ಸುತ್ತಿಕೊಂಡು ಕಲಘಟಗಿಯಿಂದ ಬಂತು. ಒಳಗೆ ಎ.ಸಿ. ಥಂಡಿ. ಮೂರು ಹಾಡು ಮುಗಿಯುವುದರೊಳಗೆ ತೊಗಲು ಇಳಿಬಿದ್ದಿತ್ತು, ಹಸಿ ಗೋಣಿಚೀಲ ಬಡಿದ ಹಾಗೆ ಸಪ್ಪಳ. ಕ್ಯಾಸೆಟ್ ಪೂರ್ತಿ ಮುಳುಗಿದ್ದು ಅದರಿಂದ. "ನಿನ್ನ ಡೊಳ್ಳು ಸತ್ತೈತಿ ಲೇ" ಅಂದೆ. ನೀನು ಅದನ್ನು ಹೆಗಲಿಗೆ ಹಾಕಿಕೊಂಡು ಹೋದೆ. ಸುಳ್ಳು ಹೇಳಿರಲಿಲ್ಲ ನಾನು. ಈಗಲೂ ಅದೇ ಮಾತು.

ಕಿವಿಯ ಬಗ್ಗೆ ಬರೆದಿದ್ದೀಯ. ಮದುವೆ, ಮೆರವಣಿಗೆ, ಚುನಾವಣೆ ಎಂದು ಇಪ್ಪತ್ತೈದು ವರ್ಷ ಸ್ಪೀಕರ್ ಬಾಜು ನಿಂತರೆ ಏನಾಗಬೇಕೋ ಅದು ಆಗಿದೆ. ಅದರಲ್ಲಿ ವಿಶೇಷವೇನಿಲ್ಲ.

ಮಂಗ್ಯಾಗಳಿಗೆ ನನ್ನ ನಮಸ್ಕಾರ ತಿಳಿಸು.

ಗೌರೀಶ


ತಂಬೂರ
೮ ಸೆಪ್ಟೆಂಬರ್ ೨೦೨೪

ಗೌರೀಶ್ಯಾ,

ಕ್ಯಾಸೆಟ್ ಮುಟ್ಟಿತು. ಹೊಸ ಪ್ರತಿ ಎಷ್ಟು ಸ್ವಚ್ಛ ಕೇಳುತ್ತದೆಂದರೆ ಮೊದಲ ದಿನ ಬಾಜು ಹೊಲದ ಎತ್ತುಗಳೂ ಹಗ್ಗ ಜಗ್ಗಿದವು. ಗಿಳಿಗಳು ಹೋದವು. ಮಂಗ್ಯಾಗಳು ಹೋದವು. ಆಳುಗಳು ಮಾತ್ರ ನಿಂತರು. ಕಳೆ ತೆಗೆಯುವ ಹೆಣ್ಣುಮಕ್ಕಳು ನಿನ್ನ ಮೂರನೇ ಹಾಡಿನ ಮಾತುಗಳನ್ನು ನಿನಗಿಂತ ಚಂದ ಹಾಡುತ್ತಾರೆ. ಅವರ ಪಾಲಿಗೆ ಅದು ರಾಕ್ ಅಲ್ಲ, ಏನೂ ಅಲ್ಲ, ಗೋವಿನಜೋಳದ ಹಾಡು. ಪ್ರತಿವರ್ಷ ಬರುವ ಹಾಡು. ನಾನು ಬದುವಿನ ಮೇಲೆ ನಿಂತು, ಅವರು ಹಾಡಿ ಮುಗಿಸುವವರೆಗೆ ಕೇಳಿ ಬಂದೆ.

ಆದರೆ ನಾನು ಬರೆಯಬೇಕೆಂದಿದ್ದು ನಾಲ್ಕನೇ ಹಾಡಿನ ವಿಷಯ, ನಿಲ್ಲದೇ ಹೋಗುವ ಗಾಡಿಯದು. ಅದು ಬರುವ ಮೊದಲೇ ಚಿಗವ್ವ ರೆಕಾರ್ಡರ್ ಬಂದ್ ಮಾಡಿ, ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ಮೊದಲಿನಿಂದ ಹಚ್ಚುತ್ತಾಳೆ. ಎಷ್ಟೋ ವರ್ಷ ನೋಡಿದ್ದೇನೆ, ಈ ಸಲವೇ ಕೇಳಿದ್ದು. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ಅದಕ್ಕ ಮಂಗ್ಯಾ ಓಡೂದಿಲ್ಲೋ. ಬಂದು ಗಿಡದ ಬುಡಕ ಕುಂದರ್ತಾವು. ತೆನೀಗೂ ಕೈ ಹಚ್ಚೂದಿಲ್ಲ, ಹೋಗೂದೂ ಇಲ್ಲ. ಕೆಲಸಕ್ಕ ಬರೂದಿಲ್ಲ ಅದು. ಅದನ್ನ ನಾ ನನ್ನ ಸಲುವಾಗಿ ಇಟಗೊಂಡೀನಿ. ರೊಟ್ಟಿ ತಿನ್ನೂ ಮುಂದ ಕೇಳ್ತೀನಿ."

ಮರುದಿನ ಊಟದ ಹೊತ್ತಿಗೆ ಹೋದೆ. ಬುತ್ತಿ ಬಿಚ್ಚಿ, ಮೈಕಿನ ವೈರ್ ತೆಗೆದು, ರೆಕಾರ್ಡರಿನ ಸಣ್ಣ ದನಿಯಲ್ಲಿ ಆ ಹಾಡು ಹಚ್ಚಿಕೊಂಡಳು. ಒಂದು ತುತ್ತು ಬಾಯಿಗಿಟ್ಟು ಹಾಗೇ ಕೂತಳು. ಬೇವಿನ ಆಚೆ ಒಂದು ಹೆಣ್ಣು ಮಂಗ್ಯಾ, ಮರಿಯನ್ನು ಹೊಟ್ಟೆಗೆ ಅವಚಿಕೊಂಡು, ಅವಳ ಹಾಗೆಯೇ ಕೂತಿತ್ತು. ನೀನು ನಂಬುವುದಿಲ್ಲ. ನಂಬದಿದ್ದರೆ ಬಂದು ನೋಡು.

ಸತ್ತ ಡೊಳ್ಳಿನ ಹಾಡು ಅದೇ. ಒಮ್ಮೆ ಕೇಳೋ. ಒಂದೇ ಸಲ.

ನಿನ್ನ,
ಬೀರಲಿಂಗ


ಕುಂದಗೋಳ
೧೯ ಸೆಪ್ಟೆಂಬರ್ ೨೦೨೪

ಬೀರಲಿಂಗಾ,

ಮಂಗ್ಯಾಗಳ ಮೇಲೆ ಹೊಟ್ಟೆಕಿಚ್ಚು ಪಡುವ ದಿನವೂ ಬಂತು. ನನ್ನ ಹೆಂಡತಿ ಇವತ್ತಿನವರೆಗೆ ನನ್ನ ಹಾಡನ್ನು ಅಷ್ಟು ಹೊತ್ತು ಕೂತು ಕೇಳಿಲ್ಲ.

ಒಂದು ಕೆಲಸ ಮಾಡು. ಆ ನಾಲ್ಕನೇ ಹಾಡಿನ ಕೊನೆಗೆ ಗಾಡಿ ಸ್ಟೇಶನ್ ದಾಟಿ ಹೋಗುತ್ತದೆ ಎಂಬಲ್ಲಿ ಮಾತು ನಿಲ್ಲುತ್ತದೆ, ಗಿಟಾರ್ ಮಾತ್ರ ಉಳಿಯುತ್ತದೆ. ಮೇಲೆ ಹೋಗುತ್ತ ಹೋಗುತ್ತ ಸಣ್ಣಗಾಗಿ, ಇನ್ನೇನು ಹರಿಯಿತು ಎನ್ನುವಾಗ ನಿಲ್ಲುತ್ತದೆ. ನಾನು ಬಾಳಿನಲ್ಲಿ ಮಾಡಿದ ಚಲೋ ಕೆಲಸ ಅಂತ ಏನಾದರೂ ಇದ್ದರೆ ಅದು ಆ ಒಂದು ಗಳಿಗೆಯದು. ಹಾಗಿತ್ತು ಎಂದು ನೆನಪು. ಇತ್ತೋ ಇಲ್ಲವೋ. ನಿಮ್ಮ ಚಿಗವ್ವನಿಗೆ ಅದು ಕೇಳಿಸುತ್ತದೆಯೇ, ಕೇಳಿಸಿದರೆ ಹೇಗೆ ಕೇಳಿಸುತ್ತದೆ ಎಂದು ವಿಚಾರಿಸಿ ಬರೆ. ನೀನು ಹೇಳಿಕೊಡಬೇಡ. ಅವಳದೇ ಮಾತಿನಲ್ಲಿ ಬರಲಿ.

ನಾನೇ ಯಾಕೆ ಕೇಳಬಾರದು ಎಂದು ಕೇಳಬೇಡ.

ಗೌರೀಶ


ತಂಬೂರ
೬ ಅಕ್ಟೋಬರ್ ೨೦೨೪

ಗೌರೀಶ್ಯಾ,

ತೆನೆ ಮುರಿದಾಯಿತು. ಈ ವರ್ಷ ಚಿಗವ್ವನ ಹೊಲದಲ್ಲಿ ಮಂಗ್ಯಾ ತಿಂದದ್ದು ಏನೇನೂ ಅಲ್ಲ. ಅದಕ್ಕೆ ನಿನಗೊಂದು ಸಣ್ಣ ಚೀಲ ಗೋವಿನಜೋಳ ಎತ್ತಿಟ್ಟಿದ್ದಾಳೆ.

ನಿನ್ನ ಪ್ರಶ್ನೆ ಕೇಳಿದೆ. ಹೇಳಿಕೊಡಲಿಲ್ಲ, ಆಣೆ. ಅವಳು ಅಂದಳು:

"ಆಖೀರಕ ಒಬ್ಬಾಂವ ಸಣ್ಣ ದನಿ ತಗದು ಅಳ್ತಾನಲ್ಲ, ಅವನೇನ? ಪಾಪ, ಭಾಳ ಎತ್ತರಕ್ಕ ಹೋಗಿ ಅಳ್ತಾನ. ಬೀಳ್ತಾನೇನೋ ಅನಸ್ತೈತಿ. ಬೀಳೂದಿಲ್ಲ. ಕೆಳಗ ಡೊಳ್ಳಿನಾಂವ ಬೆನ್ನಿಗೆ ಕೈ ಇಟ್ಟಾನ."

ಇಷ್ಟು ಹೇಳಿ ಎದ್ದು ಮೇಕೆಗಳಿಗೆ ಸೊಪ್ಪು ಹಾಕಲು ಹೋದಳು. ಗಿಟಾರ್ ಎನ್ನುವ ವಸ್ತುವನ್ನು ಅವಳು ಕಣ್ಣಿನಿಂದ ನೋಡಿಲ್ಲ. ಅದನ್ನು ಬಾರಿಸಿದವನು ಕುಂದಗೋಳದಲ್ಲಿದ್ದಾನೆ ಅಂದರೆ, ಅಳುವವನು ಇನ್ನೂ ಇದ್ದಾನೆಯೇ ಎಂದು ಆಶ್ಚರ್ಯಪಟ್ಟಳು. ಕರೆದುಕೊಂಡು ಬಾ ಎಂದಿದ್ದಾಳೆ.

ದಸರಾ ಸೂಟಿ ಇದೆ. ಕಲಘಟಗಿಗೆ ಬಂದರೆ ನಾನೇ ಗಾಡಿ ತರುತ್ತೇನೆ.

ನಿನ್ನ,
ಬೀರಲಿಂಗ


ಕುಂದಗೋಳ
೨೨ ನವೆಂಬರ್ ೨೦೨೪

ಬೀರಲಿಂಗಣ್ಣನವರಿಗೆ,

ಗೌರೀಶ ಅವರ ಮನೆಯವಳು ನಂದಾ ಮಾಡುವ ನಮಸ್ಕಾರ. ನಿಮ್ಮ ಪತ್ರಕ್ಕೆ ಉತ್ತರ ಬರಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡಿ. ಅವರು ಅದನ್ನು ಅಂಗಿಯ ಕಿಸೆಯಲ್ಲಿಯೇ ಇಟ್ಟುಕೊಂಡು ತಿರುಗುತ್ತಿದ್ದಾರೆ. ಒಗೆಯುವಾಗ ನಾನು ಎರಡು ಸಲ ತೆಗೆದಿಟ್ಟೆ.

ಹೇಳಬೇಕಾದ್ದನ್ನು ಅವರು ಹೇಳುವುದಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ. ಹುಬ್ಬಳ್ಳಿಯಲ್ಲಿ ಕಿವಿ ತೋರಿಸಿದೆವು. ಸಣ್ಣ ದನಿ, ಮೇಲಿನ ದನಿ ಪೂರ್ತಿ ಹೋಗಿವೆ. ಮತ್ತೆ ಬರುವುದಿಲ್ಲವಂತೆ. ಕುಕ್ಕರಿನ ಸೀಟಿ ಕೇಳಿಸುವುದಿಲ್ಲ, ಹಕ್ಕಿ ಕೂಗಿದ್ದು ಕೇಳಿಸುವುದಿಲ್ಲ, ನನ್ನ ಮಾತನ್ನು ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಗೂಡ್ಸ್ ಗಾಡಿ ಬಂದದ್ದು ಮಾತ್ರ ನಮಗಿಂತ ಮೊದಲು ಅವರಿಗೇ ತಿಳಿಯುತ್ತದೆ. ದಪ್ಪ ದನಿ ಇನ್ನೂ ಉಳಿದಿದೆ. ಅದೂ ಎಷ್ಟು ದಿನವೋ ಹೇಳಲಾಗದು ಎಂದರು ಡಾಕ್ಟರು. ಮಷೀನ್ ಕೊಟ್ಟಿದ್ದಾರೆ, ಹಾಕಿಕೊಂಡರೆ ತಲೆ ಸಿಡಿಯುತ್ತದೆ ಎಂದು ತೆಗೆದಿಡುತ್ತಾರೆ.

ನಿಮ್ಮ ಪತ್ರ ಬಂದ ದಿನ ಅವರು ಗೋದಾಮಿಗೆ ಹೋಗಿ ಆ ಕ್ಯಾಸೆಟ್ ಹಚ್ಚಿದರು. ಮೊದಲ ಹಾಡು ಶುರುವಾಗಿ ಸ್ವಲ್ಪ ಹೊತ್ತಿಗೇ ಬಂದ್ ಮಾಡಿ ಹೊರಗೆ ಬಂದರು. ಯಾಕೆ ಎಂದು ಕೇಳಿದ್ದಕ್ಕೆ, "ನನ್ನ ಗಿಟಾರ್ ಇಲ್ಲ ಅದರಾಗ" ಅಂದರು. ಮತ್ತೆ ಆ ಮಾತು ಎತ್ತಿಲ್ಲ. ಗಿಟಾರನ್ನು ಅಟ್ಟದ ಮೇಲೆ ಹಾಕಿದ್ದಾರೆ.

ನೀವು ಬರೆಯುವುದನ್ನು ಮಾತ್ರ ಬಿಡಬೇಡಿ. ಪೋಸ್ಟ್‌ಮನ್ ಬರುವ ಹೊತ್ತಿಗೆ ಬಾಗಿಲಲ್ಲಿ ಕೂತಿರುತ್ತಾರೆ. ನಾನು ಬರೆದದ್ದು ಅವರಿಗೆ ತಿಳಿಯುವುದು ಬೇಡ.

ಇತಿ ನಿಮ್ಮ ತಂಗಿ,
ನಂದಾ


ತಂಬೂರ
೧೫ ಡಿಸೆಂಬರ್ ೨೦೨೪

ಗೌರೀಶ್ಯಾ,

ನಿನ್ನ ಉತ್ತರಕ್ಕೆ ಕಾಯುತ್ತ ಕೂತರೆ ನಾನು ರಿಟೈರ್ ಆಗುತ್ತೇನೆ. ಅದಕ್ಕೆ ನಾನೇ ಬರೆಯುತ್ತಿದ್ದೇನೆ.

ಅವತ್ತು ಸ್ಟುಡಿಯೋದಲ್ಲಿ ಏನಾಯಿತು ಎಂದು ನೀನು ನಿನ್ನ ಕಡೆಯಿಂದ ಬರೆದೆ. ನನ್ನ ಕಡೆಯದೂ ಇರಲಿ. ಮಳೆಗಾಲದಲ್ಲಿ ನಮ್ಮ ಡೊಳ್ಳು ಒಲೆಯ ಬಾಜು ತೂಗುತ್ತದೆ. ಬಾರಿಸುವ ಮೊದಲು ಭಂಡಾರ ಹಚ್ಚಿ, ಹಣೆ ಮುಟ್ಟಿಸಿ, ಎಬ್ಬಿಸಬೇಕು. ಸ್ಟುಡಿಯೋದವನು ಬೆಂಕಿ ಬೇಡ ಅಂದ. ಅರಿಸಿನದ ಪುಡಿ ಮಷೀನಿಗೆ ಹಾರುತ್ತದೆ, ಭಂಡಾರವೂ ಬೇಡ ಅಂದ. ನೀನೂ ತಲೆಯಾಡಿಸಿದೆ. ಹಾಗೆ ಎಬ್ಬಿಸದ ಡೊಳ್ಳಿಗೆ ಕೈಹಾಕಿದೆ. ಮೂರು ಹಾಡಿನವರೆಗೆ ಅದರ ಜೊತೆ ಜಗಳವಾಡಿದೆ. ಹಗ್ಗ ಬಿಗಿದೆ, ಜೋರಾಗಿ ಬಡಿದೆ. ತೊಗಲು ಇಳಿಯುತ್ತಲೇ ಹೋಯಿತು.

ನಾಲ್ಕನೇ ಹಾಡಿಗೆ ಜಗಳ ಬಿಟ್ಟೆ. ಹಗ್ಗ ಮುಟ್ಟಲಿಲ್ಲ. ಅದು ಎಲ್ಲಿಗೆ ಹೋಗುತ್ತದೆಯೋ ಅಲ್ಲಿಗೆ ಹೋದೆ. ನೀನು ಗಾಜಿನ ಕಡೆ ಮುಖ ಮಾಡಿ ಬಾರಿಸುತ್ತಿದ್ದೆ, ನೋಡಲಿಲ್ಲ. ಸತ್ತೈತಿ ಎಂದು ನೀನು ಅಂದಾಗ ನನಗೆ ಸಿಟ್ಟು ಬಂದದ್ದು ದೇವರ ಡೊಳ್ಳಿಗೆ ಅಂದೆ ಎಂದಲ್ಲ. ನಾನು ಅಷ್ಟು ಚಲೋ ಅದಕ್ಕಿಂತ ಮೊದಲು ಬಾರಿಸಿರಲಿಲ್ಲ, ಆಮೇಲೂ ಬಾರಿಸಿಲ್ಲ. ಕೇಳಬೇಕಾದವನು ಒಬ್ಬನೇ ಇದ್ದ, ಅವನೇ ಕೇಳಲಿಲ್ಲ.

ಇಷ್ಟೇ. ಗೋವಿನಜೋಳ ಹುಳ ಬೀಳುವುದರೊಳಗೆ ಬಾ.

ನಿನ್ನ,
ಬೀರಲಿಂಗ


ಕುಂದಗೋಳ
೯ ಜನವರಿ ೨೦೨೫

ಬೀರಲಿಂಗಾ,

ಇವತ್ತು ಮಧ್ಯಾಹ್ನ ನಂದಾ ಸಂತೆಗೆ ಹೋದಳು. ಅವಳು ನಿನಗೆ ಪತ್ರ ಬರೆದದ್ದು ನನಗೆ ಗೊತ್ತು. ನನ್ನ ಪೆನ್ನು ಮುಗಿಸಿ ಇಟ್ಟಿದ್ದಳು. ಅವಳಿಗೆ ಹೇಳಬೇಡ.

ಗೋದಾಮಿಗೆ ಹೋದೆ. ಮದುವೆಗೆ ಕೊಡುವ ದೊಡ್ಡ ಬೇಸ್ ಬಾಕ್ಸ್ ಎರಡನ್ನೂ ಹೊರಗೆಳೆದು, ಎದುರುಬದುರು ನಿಲ್ಲಿಸಿ, ನಡುವೆ ಒಂದು ಸ್ಟೂಲ್ ಹಾಕಿ ಕೂತೆ. ಇಪ್ಪತ್ತೈದು ವರ್ಷ ಊರವರಿಗೆಲ್ಲ ಕೇಳಿಸಿದವನು ಒಮ್ಮೆ ತನಗೂ ಕೇಳಿಸಿಕೊಳ್ಳಲಿ ಎಂದು.

ಮೊದಲ ಹಾಡಿನಲ್ಲಿ ನನ್ನ ಗಿಟಾರ್ ಇರಲಿಲ್ಲ. ಎರಡನೆಯದರಲ್ಲೂ ಇಲ್ಲ. ನನ್ನ ದನಿ ಗೋಡೆಯಾಚೆ ಯಾರೋ ಗೊಣಗಿದ ಹಾಗೆ. ನಿನ್ನ ಗಿಳಿಗಳನ್ನು ಹಾರಿಸಿದ್ದು ಯಾವುದೋ, ಅದು ನನ್ನ ಪಾಲಿಗೆ ಕ್ಯಾಸೆಟ್ಟಿನಿಂದ ಅಳಿಸಿಹೋಗಿದೆ. ಮೂರನೆಯದಕ್ಕೆ ಎದ್ದು ಬಂದ್ ಮಾಡಲು ಕೈ ಮುಂದೆ ಚಾಚಿದೆ. ನಿನ್ನ ಚಿಗವ್ವನ ರೊಟ್ಟಿ ನೆನಪಾಗಿ ಮತ್ತೆ ಕೂತೆ.

ನಾಲ್ಕನೇ ಹಾಡು ಬಂತು.

ಮೊದಲು ಅದು ಕಿವಿಗೆ ಬರಲಿಲ್ಲ, ಅಂಗಾಲಿಗೆ ಬಂತು. ಆಮೇಲೆ ಸ್ಟೂಲಿಗೆ, ಬೆನ್ನಿಗೆ, ಎದೆಗೆ. ನಮ್ಮ ಮನೆಯ ಹಿಂದೆ ಗೂಡ್ಸ್ ಗಾಡಿ ಬರುವುದು ಹೀಗೆಯೇ. ಆದರೆ ಗಾಡಿ ಹಾಡುವುದಿಲ್ಲ. ಇದು ಹಾಡುತ್ತಿತ್ತು, ಬೀರಲಿಂಗಾ. ಇಳಿಬಿದ್ದ ತೊಗಲನ್ನು ನೀನು ಎಡಗೈಯಿಂದ ಒತ್ತಿ ಬಿಟ್ಟು, ಒತ್ತಿ ಬಿಟ್ಟು, ದನಿಯನ್ನು ಬಾಗಿಸುತ್ತಿದ್ದೆ. ನನ್ನ ಹಾಡಿನ ಒಂದೊಂದು ಮಾತನ್ನೂ ನೀನು ಕೆಳಗೆ ಡೊಳ್ಳಿನಲ್ಲಿ ಹೇಳುತ್ತಿದ್ದೆ. ಬಿಗಿದ ಡೊಳ್ಳಿನಿಂದ ಇದು ಆಗುವ ಮಾತಲ್ಲ. ಇದನ್ನು ನಾನು ಗೋಣಿಚೀಲ ಅಂದಿದ್ದೆ. ನಮ್ಮೂರಿನಲ್ಲಿ ಎಂಥೆಂಥ ಹಾಡುಗಾರಿಕೆ ಕೇಳಿ ಬೆಳೆದವನು ನಾನು. ಇಂಥದ್ದು ಕೇಳಿರಲಿಲ್ಲ.

ಕೊನೆಗೆ ಮಾತು ನಿಂತಿತು. ಈಗ ನನ್ನ ಗಿಟಾರ್ ಬರಬೇಕು, ಬರುವುದಿಲ್ಲ, ಗೊತ್ತಿತ್ತು. ಎದೆ ಗಟ್ಟಿ ಮಾಡಿಕೊಂಡೆ. ನೀನು ಡೊಳ್ಳನ್ನು ಮೆಲ್ಲಗೆ ಮಾಡಿದೆ. ಒಂದು ಪೆಟ್ಟು ಬಿಟ್ಟೆ. ಮತ್ತೊಂದು ಬಿಟ್ಟೆ. ಎಲ್ಲೆಲ್ಲಿ ನನ್ನ ಗಿಟಾರ್ ಮೇಲೆ ಹತ್ತುತ್ತಿತ್ತೋ ಅಲ್ಲಲ್ಲಿ ನೀನು ಜಾಗ ಬಿಡುತ್ತ ಹೋದೆ, ಎಲ್ಲಿ ಉಸಿರು ತೆಗೆದುಕೊಂಡಿತೋ ಅಲ್ಲಿ ಬಂದು ಹಿಡಿದೆ. ಆ ಖಾಲಿ ಜಾಗಗಳೆಲ್ಲ ನನ್ನ ಗಿಟಾರಿನ ಅಳತೆಗೇ ಇದ್ದವು. ನನಗೆ ಒಂದೇ ಒಂದು ತಂತಿ ಕೇಳಿಸಲಿಲ್ಲ. ಆದರೆ ಅದು ಅಲ್ಲಿತ್ತು. ಎಲ್ಲಿ ಏರಿತು, ಎಲ್ಲಿ ನಡುಗಿತು, ಎಲ್ಲಿ ನಿಂತಿತು, ಎಲ್ಲ ತಿಳಿಯಿತು. ನಿನ್ನ ಚಿಗವ್ವ ಹೇಳಿದ ಕೈ ನನ್ನ ಬೆನ್ನಿಗೆ ತಾಗಿತು. ನಾನು ಅತ್ತೆ. ಬರೆಯಲು ನಾಚಿಕೆಯಿಲ್ಲ.

ನಂದಾ ಬಂದಾಗ ನಾನು ಬಾಕ್ಸಿಗೆ ಕೆನ್ನೆ ಹಚ್ಚಿ ನೆಲದ ಮೇಲೆ ಕೂತಿದ್ದೆ. ಅವಳು ಚೀಲ ಕೆಳಗಿಟ್ಟು ಎದುರಿನ ಬಾಕ್ಸಿಗೆ ಕೈ ಇಟ್ಟಳು. ಇಬ್ಬರೂ ಹಾಡನ್ನು ಮೊದಲಿನಿಂದ ಮತ್ತೆ ಕೇಳಿದೆವು. ಅವಳು ಏನೋ ಅಂದಳು. ಅವಳ ತುಟಿ ನೋಡಲಿಲ್ಲ ನಾನು.

ಅವತ್ತು ನಾನು ಕೇಳಿದ ಹಾಗೆ ನಿನ್ನ ಡೊಳ್ಳು ಗಟ್ಟಿಯಾಗಿ, ಮೇಲಿನ ದನಿಯಲ್ಲಿ ಬಂದಿದ್ದರೆ, ಇವತ್ತು 'ಬಿರುಕು' ನನ್ನ ಪಾಲಿಗೆ, ಶಕೀಲನ ಬೇಸ್ ಬಿಟ್ಟರೆ, ಖಾಲಿ ಕ್ಯಾಸೆಟ್ ಆಗಿರುತ್ತಿತ್ತು. ನಾನು 'ಸತ್ತೈತಿ' ಅಂದ ಆ ಡೊಳ್ಳೇ ನನಗಾಗಿ ಉಳಿದುಕೊಂಡಿದೆ.

ಇದೂ ಎಷ್ಟು ದಿನವೋ. ಅದಕ್ಕೆ ಕಾಯುವುದು ಬೇಡ. ಇಪ್ಪತ್ತನೇ ತಾರೀಖು, ಸೋಮವಾರ, ಶಕೀಲ್ ಟೆಂಪೋ ತರುತ್ತಾನೆ. ಎರಡೂ ಬಾಕ್ಸ್, ನಂದಾ, ನಾನು, ಅಟ್ಟದಿಂದ ಇಳಿಸಿದ ಗಿಟಾರ್, ಎಲ್ಲ ಬರುತ್ತೇವೆ. ಚಿಗವ್ವನಿಗೆ ಹೇಳು, ಅಳುವವನು ಬರುತ್ತಿದ್ದಾನೆ ಅಂತ. ನಾನು ಬಾರಿಸುತ್ತೇನೆ, ನನಗೆ ಕೇಳಿಸುವುದಿಲ್ಲ. ಎಲ್ಲಿದ್ದೇನೆ ಎಂದು ನಿನ್ನ ಕೈಯಿಂದಲೇ ನನಗೆ ತಿಳಿಯಬೇಕು.

ಭಂಡಾರ ಹಚ್ಚು. ಎಬ್ಬಿಸು. ಆದರೆ ಈಗ ಚಳಿಗಾಲ, ತೊಗಲು ತಾನೇ ಬಿಗಿದಿರುತ್ತದೆ. ಒಲೆಯ ಬಾಜು ಇಡಬೇಡ. ಈ ಪತ್ರ ಮುಟ್ಟಿದ ದಿನದಿಂದಲೇ ಡೊಳ್ಳಿಗೆ ನೀರಿನಲ್ಲಿ ಅದ್ದಿ ಹಿಂಡಿದ ಒಂದು ಅರಿವೆ ಸುತ್ತಿಡು. ಹಗ್ಗ ಬಿಗಿಯಬೇಡ.

ನಿನ್ನ,
ಗೌರೀಶ